ಮೂರು ತಿಂಗಳು ತುಂಬುವ ಮೊದಲು: ಮಹಾರಾಷ್ಟ್ರದ ಕೃಷಿ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೃಷಿ ಆಯುಕ್ತರೇ,

ನಮಸ್ಕಾರ. ಅಕ್ಟೋಬರ್ ಚಾಟಣಿ (ದ್ರಾಕ್ಷಿ ಬಳ್ಳಿ ಸವರುವ ಕೆಲಸ) ಶುರುವಾಗುವ ಮೊದಲೇ ಈ ಪತ್ರ ನಿಮ್ಮ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ. ಪುಣೆ, ನಾಶಿಕ್, ಸಾಂಗ್ಲಿ, ಸೋಲಾಪುರ ಜಿಲ್ಲೆಗಳ ದ್ರಾಕ್ಷಿ ತೋಟಗಳಲ್ಲಿ ಶಿಲೀಂಧ್ರನಾಶಕ ಹೊಡೆದ ಮೇಲೆ ಕನಿಷ್ಠ ಒಂದು ದಿನ ಯಾವ ಕೂಲಿಯವರನ್ನೂ ಆ ಸಾಲಿಗೆ ಇಳಿಸಬಾರದು. ಆ ದಿನದ ಪಗಾರವನ್ನೂ ಕಡಿಯಬಾರದು. ಹೀಗೆಂದು ನಿಮ್ಮ ಇಲಾಖೆ ಒಂದು ಸೂಚನೆ ಹೊರಡಿಸಬೇಕು. ನನ್ನ ಕೋರಿಕೆ ಇಷ್ಟೇ.

"ಬಸುರಿಯರು ದೂರ ಇದ್ದರೆ ಸಾಕಲ್ಲ, ಎಲ್ಲರಿಗೂ ಯಾಕೆ?" ಎಂದು ನೀವು ಕೇಳಬಹುದು. ಈ ಔಷಧಗಳು ಹೊಟ್ಟೆಯೊಳಗಿನ ಮಗುವಿನ ಹಾರ್ಮೋನಿಗೆ ಅಡ್ಡ ಬರಬಹುದು ಎಂಬ ಅಂಜಿಕೆ ನನ್ನದು. ಬಸುರಿಯರಿಗಾಗಿಯೇ ಇದು ಎಲ್ಲರಿಗೂ ಬೇಕು. ಅದನ್ನು ಬಿಡಿಸಿ ಹೇಳಲು ಇಷ್ಟುದ್ದ ಬರೆಯಬೇಕಾಯಿತು.

ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕೊಟ್ಟಿದ್ದೇನೆ. ಕನ್ನಡದಲ್ಲಿ ಬರೆದದ್ದು ನಮ್ಮವರಿಗಾಗಿ. ಜುನ್ನರ್, ನಾರಾಯಣಗಾಂವ್ ಕಡೆಯ ತೋಟಗಳಿಗೆ ವಿಜಯಪುರ, ಕಲಬುರಗಿ, ಜತ್ತ, ಅಕ್ಕಲಕೋಟೆಯಿಂದ ಟೋಳಿ ಕಟ್ಟಿಕೊಂಡು ಬರುವವರಲ್ಲಿ ಕನ್ನಡ ಮಾತಾಡುವ ಹೆಣ್ಣುಮಕ್ಕಳು ಬೇಕಾದಷ್ಟು ಇದ್ದಾರೆ. ಓದಲು ಬರುವವರು ಓದಲಿ, ಬಾರದವರು ಓದಿಸಿಕೊಳ್ಳಲಿ.

ನಾನು ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ಇಂಡಿ ತಾಲೂಕಿನವಳು, ಮದುವೆಯಾಗಿ ಪುಣೆಗೆ ಬಂದವಳು. ಇಲ್ಲಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಿವೃತ್ತಿಯವರೆಗೂ ಇಲಿಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಆಗಿದ್ದೆ. ಕೀಟನಾಶಕ, ಶಿಲೀಂಧ್ರನಾಶಕ ಮಾರಾಟಕ್ಕೆ ಬರುವ ಮೊದಲು ಸರಕಾರಕ್ಕೆ ಒಂದು ದೊಡ್ಡ ಕಡತ ಕೊಡಬೇಕಾಗುತ್ತದೆ. ಆ ಕಡತದ ಒಂದು ಭಾಗ ನಮ್ಮಂಥವರ ಕೈಯಲ್ಲಿ ತಯಾರಾಗುತ್ತದೆ. ಬಾಟಲಿಯ ಮೇಲೆ ಬರೀ ಸಂಖ್ಯೆ ಇರುತ್ತಿತ್ತು. ಒಳಗೆ ಯಾವ ಔಷಧ ಇದೆ ಎಂದು ನಮಗೆ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಆ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಹೆಣ್ಣು ಇಲಿಯನ್ನು ರಾತ್ರಿ ಗಂಡಿನ ಜೊತೆ ಬಿಡುತ್ತೇವೆ. ಬೆಳಿಗ್ಗೆ ಅದರ ಸ್ರಾವದ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ವೀರ್ಯಾಣು ಕಂಡರೆ ಅಂದೇ ಸೊನ್ನೆಯ ದಿನ. ಅಲ್ಲಿಂದ ಮರಿ ಹಾಕುವವರೆಗೆ 21-22 ದಿನ. ಪ್ರತಿ ದಿನ ಬೆಳಿಗ್ಗೆ ತೂಕ ನೋಡಿ, ಆ ತೂಕಕ್ಕೆ ತಕ್ಕಷ್ಟು ಔಷಧವನ್ನು ಕೊಳವೆಯಿಂದ ನೇರ ಹೊಟ್ಟೆಗೆ ಬಿಡುತ್ತೇವೆ. ಒಂದು ಗುಂಪಿಗೆ ಔಷಧವಿಲ್ಲದ ಬರೀ ದ್ರಾವಣ, ಉಳಿದ ಮೂರು ಗುಂಪುಗಳಿಗೆ ಕಡಿಮೆ, ನಡುವಣ, ಜಾಸ್ತಿ ಡೋಸು.

ಮರಿ ಹುಟ್ಟಿದ ಮೇಲೆ ಹಾರ್ಮೋನಿನ ಕಥೆ ಎರಡು ಕಡೆ ಕಾಣುತ್ತದೆ. ಮೊದಲನೆಯದು, ಗುದದ್ವಾರಕ್ಕೂ ಜನನಾಂಗಕ್ಕೂ ನಡುವಿನ ಅಂತರ. ಗಂಡು ಮರಿಯಲ್ಲಿ ಅದು ಹೆಣ್ಣಿಗಿಂತ ಹೆಚ್ಚುಕಡಿಮೆ ಎರಡರಷ್ಟಿರುತ್ತದೆ. ಬೆರಳುದ್ದದ ಮರಿಯನ್ನು ಅಂಗೈಯಲ್ಲಿ ಹಿಡಿದು, ಬಾಲ ಎತ್ತಿ, ಮಿಲಿಮೀಟರಿನ ಭಾಗಗಳಲ್ಲಿ ಅದನ್ನು ಅಳೆಯಬೇಕು. ಎರಡನೆಯದು ಮೊಲೆತೊಟ್ಟು. ಹುಟ್ಟಿದ ಸುಮಾರು 13ನೇ ದಿನ, ಹೊಟ್ಟೆಯ ಮೇಲೆ ಕೂದಲು ದಟ್ಟವಾಗುವ ಮೊದಲು, ಮರಿಯನ್ನು ಅಂಗಾತ ಹಿಡಿದು ಎಣಿಸಬೇಕು. ಹೆಣ್ಣು ಮರಿಗೆ 12 ತೊಟ್ಟು. ಗಂಡಿಗೆ ಒಂದೂ ಕಾಣಬಾರದು. ಗಂಡಿನಲ್ಲಿ ಅವು ಮೂಡುವ ಮೊದಲೇ ಗಂಡು ಹಾರ್ಮೋನು ಅವನ್ನು ಅಳಿಸಿಹಾಕುತ್ತದೆ. ಹಾಗಾಗಿ ಗಂಡು ಮರಿಯ ಹೊಟ್ಟೆಯ ಮೇಲೆ ತೊಟ್ಟುಗಳು ಸಾಲಾಗಿ ಕಂಡರೆ, ತಾಯಿಯ ಹೊಟ್ಟೆಯಲ್ಲಿದ್ದಾಗ ಆ ಹಾರ್ಮೋನು ತನ್ನ ಕೆಲಸ ಮಾಡಿಲ್ಲ ಎಂದು ಅರ್ಥ. ಮರಿ ಚೆನ್ನಾಗಿ ಹಾಲು ಕುಡಿಯುತ್ತಿರುತ್ತದೆ, ಓಡಾಡುತ್ತಿರುತ್ತದೆ. ಮೇಲುನೋಟಕ್ಕೆ ಏನೂ ಆಗಿಲ್ಲ ಅನಿಸುತ್ತದೆ.

ಇದನ್ನು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟದ್ದು ವಿಂಕ್ಲೊಜೋಲಿನ್ ಎಂಬ ಶಿಲೀಂಧ್ರನಾಶಕ. ಯುರೋಪು, ಅಮೆರಿಕಗಳಲ್ಲಿ ದ್ರಾಕ್ಷಿಗೂ ಬೇರೆ ಹಣ್ಣುಗಳಿಗೂ ಹೊಡೆಯುತ್ತಿದ್ದರು. 1990ರ ದಶಕದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಬಸುರಿ ಇಲಿಗಳಿಗೆ ಅದನ್ನು ಕೊಟ್ಟು ನೋಡಿದರು. ದೇಹದೊಳಗೆ ಹೋದ ಮೇಲೆ ಅದು ಒಡೆದು ಬೇರೆ ರೂಪ ಪಡೆಯುತ್ತದೆ. ಆ ತುಣುಕುಗಳು ಗಂಡು ಹಾರ್ಮೋನು ಕೂರಬೇಕಾದ ಜಾಗದಲ್ಲಿ ತಾವೇ ಹೋಗಿ ಕೂರುತ್ತವೆ. ಹುಟ್ಟಿದ ಗಂಡು ಮರಿಗಳಲ್ಲಿ ಆ ಅಂತರ ಹೆಣ್ಣು ಮರಿಗಳಷ್ಟೇ ಗಿಡ್ಡ. ಹೊಟ್ಟೆಯ ಮೇಲೆ ತೊಟ್ಟುಗಳು. ಕೆಲವಕ್ಕೆ ಮೂತ್ರದ್ವಾರವೇ ತಪ್ಪಾದ ಜಾಗದಲ್ಲಿ.

2005ರಲ್ಲಿ ಇನ್ನೊಂದು ಸುದ್ದಿ ಬಂತು. ಇದೇ ಔಷಧದ ಪರಿಣಾಮ ಮೊಮ್ಮಕ್ಕಳು, ಮರಿಮೊಮ್ಮಕ್ಕಳವರೆಗೂ ಇಳಿಯುತ್ತದೆ ಎಂದು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಹೇಳಿತು. ಬೇರೆ ಕೆಲವರು ಮಾಡಿ ನೋಡಿದಾಗ ಅವರಿಗೆ ಅದು ಕಾಣಲಿಲ್ಲ. ಜಗಳ ಇನ್ನೂ ಇದೆ. ಅದನ್ನು ನಾನು ಇಲ್ಲಿ ಎಳೆದು ತರುವುದಿಲ್ಲ.

ನನಗೆ ಮುಖ್ಯ ಅನಿಸುವುದು ದಿನಗಳ ಲೆಕ್ಕ. ಇಲಿಯ 22 ದಿನದ ಬಸಿರಿನಲ್ಲಿ ಈ ಹಾನಿಗೆ ಬಾಗಿಲು ತೆರೆದಿರುವುದು ಹೆಚ್ಚುಕಡಿಮೆ 15ರಿಂದ 18ನೇ ದಿನದವರೆಗೆ ಮಾತ್ರ. ಅದೇ ಡೋಸನ್ನು ಆ ದಿನಗಳ ಆಚೆ ಕೊಟ್ಟರೆ ಗಂಡು ಮರಿಗೆ ಈ ಬಗೆಯ ಪೆಟ್ಟು ಅಷ್ಟಾಗಿ ಬೀಳುವುದಿಲ್ಲ. ಮನುಷ್ಯರಲ್ಲಿ ಇದೇ ಹಂತ ಸುಮಾರು 8ರಿಂದ 14ನೇ ವಾರದ ನಡುವೆ ಬರುತ್ತದೆ ಎಂದು ಸಂಶೋಧಕರ ಅಂದಾಜು. ಅಂದರೆ ಎರಡನೇ ತಿಂಗಳಲ್ಲಿ ಶುರುವಾಗಿ ಮೂರು ಚಿಲ್ಲರೆ ತಿಂಗಳಿಗೆ ಮುಗಿಯುತ್ತದೆ.

ಈಗ ನಮ್ಮ ಮನೆಗಳನ್ನು ನೆನೆಸಿಕೊಳ್ಳಿ. ಮೂರು ತಿಂಗಳು ತುಂಬುವ ಮೊದಲು ಯಾರು ಹೇಳಿಕೊಳ್ಳುತ್ತಾರೆ? ದೃಷ್ಟಿ ತಾಗುತ್ತದೆ, ನಿಲ್ಲುತ್ತದೋ ಇಲ್ಲವೋ ಎಂಬ ಅಂಜಿಕೆ. ತವರಿಗೂ ತಡವಾಗಿಯೇ ಸುದ್ದಿ ಹೋಗುತ್ತದೆ. ಕುಬಸಕ್ಕೆ ಐದನೇ ತಿಂಗಳೋ ಏಳನೇ ತಿಂಗಳೋ ಆಗಬೇಕು. ಹೊಟ್ಟೆ ಕಾಣಿಸಿ, ಮುಕಾದಮನಿಗೆ (ಕೂಲಿ ಟೋಳಿಯ ಮೇಸ್ತ್ರಿಗೆ) ಗೊತ್ತಾಗಿ, "ಬಸುರಿ ಹೆಂಗಸು, ಆ ಕಡೆ ಬೇಡ" ಎಂದು ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳುವ ಹೊತ್ತಿಗೆ ಆ ವಾರಗಳು ಮುಗಿದುಹೋಗಿರುತ್ತವೆ. ಬಸುರಿಯರು ದೂರ ಇರಲಿ ಎಂಬ ಸೂಚನೆ ಕಾಗದದ ಮೇಲೆ ಚೆಂದ. ಅದು ಕಾಪಾಡಬೇಕಾದ ಹೊತ್ತಿನಲ್ಲಿ ಯಾರು ಬಸುರಿ ಎಂದು ಯಾರಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಅವಳಿಗೇ ಗೊತ್ತಿರುವುದಿಲ್ಲ.

ನನ್ನ ಅಣ್ಣನ ಸೊಸೆ ಒಂದು ಹಂಗಾಮಿನಲ್ಲಿ ನಾರಾಯಣಗಾಂವ್ ಹತ್ತಿರದ ಒಂದು ತೋಟದಲ್ಲಿ ಕೆಲಸಕ್ಕಿದ್ದಳು. ರಾತ್ರಿ ಮಳೆ ಹನಿ ಬಿತ್ತೆಂದು ಮಾಲೀಕರು ನಸುಕಿನಲ್ಲೇ ಟ್ರ್ಯಾಕ್ಟರ್ ಬ್ಲೋವರ್ ಹಚ್ಚಿ ಎಣ್ಣಿ (ಔಷಧ) ಹೊಡೆಸಿದ್ದರು. ಎಂಟು ಗಂಟೆಗೆ ಇವರನ್ನು ಅದೇ ಸಾಲಿಗೆ ಎಲೆ ತೆಗೆಯಲು ಇಳಿಸಿದರು. ಎಲೆ ಇನ್ನೂ ಹಸಿ ಇತ್ತು. ಸೀರೆಯ ಮೇಲೆ ಗಂಡನ ಹಳೇ ಫುಲ್ ಶರ್ಟು ಹಾಕಿಕೊಂಡಿದ್ದಳು. ಅದರ ತೋಳು ಮೊಣಕೈವರೆಗೆ ಒದ್ದೆಯಾಗಿ, ಒಣಗಿದ ಮೇಲೆ ಹಳದಿ ಪುಡಿ ಕೂತಿತ್ತಂತೆ. "ಅಣ್ಣಾ, ಬೇರೆ ಸಾಲು ಕೊಡ್ರಿ" ಎಂದು ಕೇಳಿದ್ದಕ್ಕೆ, "ಮನಸ್ಸಿದ್ರ ಮಾಡು, ಇಲ್ಲಾಂದ್ರ ಇವತ್ತಿಂದು ಪಗಾರ ಬಿಡು" ಎಂಬ ಉತ್ತರ ಬಂತು. ಅವಳಿಗಾಗ ಎರಡು ತಿಂಗಳು. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅವಳ ಮಗು ಗಟ್ಟಿಮುಟ್ಟಾಗಿದೆ, ಈಗ ಅಂಗನವಾಡಿಗೆ ಹೋಗುತ್ತದೆ. ಹಾಗಾಗಿ ಇದನ್ನು ಕಣ್ಣೀರಿನ ಕಥೆ ಮಾಡಲು ಬರುವುದಿಲ್ಲ, ಮಾಡುವುದೂ ಇಲ್ಲ. ಅವಳು ಬಾಯಿ ಬಿಟ್ಟು ಬಸುರಿ ಎನ್ನಲಾರದ ದಿನ ಅದಾಗಿತ್ತು, ಅಷ್ಟನ್ನು ನೋಡಿ.

ನಮ್ಮ ತೋಟಗಳಲ್ಲಿ ಹೊಡೆಯುವುದು ವಿಂಕ್ಲೊಜೋಲಿನ್ ಅಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಇಲ್ಲಿ ಡೌನಿ ಎಂಬ ಬೂಷ್ಟು ರೋಗಕ್ಕೆ ಮ್ಯಾಂಕೋಜೆಬ್, ಅಂಗಡಿಯಲ್ಲಿ ಎಂ-45 ಎಂದು ಕೇಳುವ ಹಳದಿ ಪುಡಿ. ಭುರಿ, ಅಂದರೆ ಬೂದಿ ರೋಗಕ್ಕೆ ಟೆಬುಕೊನಜೋಲ್, ಹೆಕ್ಸಾಕೊನಜೋಲ್‌ನಂಥ ಹೆಸರಿನ ಕೊನೆಗೆ 'ಅಜೋಲ್' ಇರುವವು. ಕರ್ಪಾ, ಅಂದರೆ ಚಿಬ್ಬು ರೋಗಕ್ಕೆ ಕಾರ್ಬೆಂಡಾಜಿಮ್. ಒಂದೊಂದರದೂ ಬೇರೆ ದಾರಿ.

ಅಜೋಲ್‌ಗಳು ಶಿಲೀಂಧ್ರದ ಜೀವಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ಎಂಬ ಕೊಬ್ಬನ್ನು ತಯಾರಾಗದಂತೆ ತಡೆಯುತ್ತವೆ. ಅದನ್ನು ತಯಾರಿಸುವ ಕಿಣ್ವದ ಅಣ್ಣತಮ್ಮಂದಿರು ನಮ್ಮ ದೇಹದಲ್ಲೂ ಇದ್ದಾರೆ. ಅಂಡಾಶಯದಲ್ಲಿ, ವೃಷಣದಲ್ಲಿ, ಹೆರಿಗೆಯ ನಂತರ ಬೀಳುವ ಕಸದಲ್ಲಿ. ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುವ ಅರೋಮಟೇಸ್ ಅವರಲ್ಲಿ ಒಬ್ಬ. ಇದು ಬರೀ ಪುಸ್ತಕದ ಮಾತಲ್ಲ. ಸ್ತನ ಕ್ಯಾನ್ಸರಿಗೂ ಮಕ್ಕಳಾಗದವರ ಚಿಕಿತ್ಸೆಗೂ ಡಾಕ್ಟರುಗಳು ಬರೆದುಕೊಡುವ ಲೆಟ್ರೊಜೋಲ್ ಮಾತ್ರೆ ಇದೇ ಟ್ರೈಅಜೋಲ್ ಜಾತಿಗೆ ಸೇರಿದ್ದು. ಅರೋಮಟೇಸನ್ನು ನಿಲ್ಲಿಸುವುದೇ ಅದರ ಕೆಲಸ. ಅದನ್ನು ಡಾಕ್ಟರ ಚೀಟಿ ಇಲ್ಲದೆ ತಿನ್ನಬೇಡಿ ಎನ್ನುತ್ತೇವೆ, ಅಲ್ವಾ?

ಡೆನ್ಮಾರ್ಕಿನ ಸಂಶೋಧಕರು 2007ರಲ್ಲಿ ಟೆಬುಕೊನಜೋಲ್ ಮತ್ತು ಎಪಾಕ್ಸಿಕೊನಜೋಲ್ ಎರಡನ್ನೂ ಬಸುರಿ ಇಲಿಗಳಿಗೆ ಕೊಟ್ಟು ನೋಡಿದರು. ಎರಡರಲ್ಲೂ ಬಸಿರಿನ ದಿನ ಉದ್ದವಾಯಿತು. ಟೆಬುಕೊನಜೋಲ್ ಕೊಟ್ಟ ತಾಯಂದಿರ ರಕ್ತದಲ್ಲಿ ಬಸಿರು ಕಾಯುವ ಹಾರ್ಮೋನು ಪ್ರೊಜೆಸ್ಟರಾನ್ ಏರಿತ್ತು. ಎಪಾಕ್ಸಿಕೊನಜೋಲ್‌ನಲ್ಲಿ ಗರ್ಭದೊಳಗೇ ಸಾಯುವ ಮರಿಗಳು ಜಾಸ್ತಿಯಾದವು. ಯುರೋಪಿನಲ್ಲಿ ಎಪಾಕ್ಸಿಕೊನಜೋಲ್ ಈಗ ಇಲ್ಲ, 2020ರಲ್ಲಿ ಅದರ ಅನುಮತಿ ಮುಗಿಯಿತು.

ಮ್ಯಾಂಕೋಜೆಬ್ ಒಡೆದಾಗ ಎಥಿಲೀನ್ ಥಯೋಯೂರಿಯ ಎಂಬುದು ಹುಟ್ಟುತ್ತದೆ. ಚಿಕ್ಕದಾಗಿ ಇಟಿಯು. ಇದು ಥೈರಾಯ್ಡ್ ಹಾರ್ಮೋನು ತಯಾರಾಗುವ ಜಾಗದಲ್ಲೇ ಅಡ್ಡ ಹಾಕುತ್ತದೆ. ಇಲಿಗಳಲ್ಲಿ ಥೈರಾಯ್ಡ್ ಗ್ರಂಥಿ ಉಬ್ಬುತ್ತದೆ. ದೊಡ್ಡ ಡೋಸಿನಲ್ಲಿ ಮರಿಗಳ ಮಿದುಳಿನ ಬೆಳವಣಿಗೆ ಕೆಡುತ್ತದೆ. ಬಸುರಿಯ ಮೊದಲ ತಿಂಗಳುಗಳಲ್ಲಿ ಮಗುವಿಗೆ ತನ್ನದೇ ಥೈರಾಯ್ಡ್ ಕೆಲಸ ಮಾಡುವುದಿಲ್ಲ, ತಾಯಿಯದರ ಮೇಲೇ ಬದುಕು. ಮತ್ತೆ ಅದೇ ಮೊದಲ ಮೂರು ತಿಂಗಳು ನೋಡಿ. ಯುರೋಪು ಒಕ್ಕೂಟ 2020ರ ಡಿಸೆಂಬರಿನಲ್ಲಿ ಮ್ಯಾಂಕೋಜೆಬ್‌ಗೆ ಅನುಮತಿ ಮುಂದುವರಿಸದಿರಲು ತೀರ್ಮಾನಿಸಿತು.

ಇಲಿ ಮನುಷ್ಯನಲ್ಲ. ಇಲಿಗಳೊಂದಿಗೆ ಅಷ್ಟು ವರ್ಷ ಕಳೆದ ನನಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಇಲಿಯ ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಒಂದು ದಿನವೂ ಸರಿಯಾಗಿ ನಿಲ್ಲುವುದಿಲ್ಲ, ನಮ್ಮಲ್ಲಿ ಅದು ಸುಮಾರು ಒಂದು ವಾರ ಬಾಳುತ್ತದೆ. ಹಾಗಾಗಿ ಇಲಿ ಬೇಗ ಏಟು ತಿನ್ನುತ್ತದೆ. ಹೆರಿಗೆಗೆ ಮೊದಲು ಇಲಿಯಲ್ಲಿ ಪ್ರೊಜೆಸ್ಟರಾನ್ ಇಳಿಯಲೇಬೇಕು, ಹೆಂಗಸರಲ್ಲಿ ಹಾಗೆ ಇಳಿಯುವುದಿಲ್ಲ. ಅದಕ್ಕೇ ಇಲಿಗಳ ಹೆರಿಗೆ ತಡವಾಯಿತೆಂದು ನಮ್ಮ ಹೆರಿಗೆಯೂ ತಡವಾಗುತ್ತದೆ ಎನ್ನಲಾಗದು. ಎಪಾಕ್ಸಿಕೊನಜೋಲನ್ನು ಗಿನಿ ಇಲಿಗಳಿಗೆ ಕೊಟ್ಟಾಗ ಆ ಮರಿಸಾವು ಕಾಣಲಿಲ್ಲ. ಡೋಸಿನ ವಿಷಯವೂ ಇದೆ. ಪ್ರಯೋಗದಲ್ಲಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 50, 100 ಮಿಲಿಗ್ರಾಂ ಕೊಡುತ್ತಾರೆ. 50 ಕಿಲೋ ತೂಕದ ಹೆಂಗಸಿಗೆ ಆ ಲೆಕ್ಕದಲ್ಲಿ ದಿನಕ್ಕೆ ಎರಡೂವರೆಯಿಂದ 5 ಗ್ರಾಂ ಆಗುತ್ತದೆ. ಯಾವ ಕೂಲಿಯವಳ ಮೈಗೂ ಅಷ್ಟು ಹೋಗುವುದಿಲ್ಲ. ಇಲಿಗೆ ಏನೂ ಆಗದ ಡೋಸನ್ನು ಕನಿಷ್ಠ 100ರಿಂದ ಭಾಗಿಸಿ ಮನುಷ್ಯರಿಗೆ ಮಿತಿ ಹಾಕುತ್ತಾರೆ ಎನ್ನುವುದೂ ನಿಜ.

ಆದರೆ ಆ ಮಿತಿಗಳೆಲ್ಲ ಒಂದು ಸಲಕ್ಕೆ ಒಂದೇ ಔಷಧ ಎಂದು ಹಾಕಿದವು. ತೋಟದಲ್ಲಿ ಡ್ರಮ್ಮಿಗೆ ಒಂದೇ ಔಷಧ ಬೀಳುತ್ತದೆಯೇ? ಡೌನಿಗೆ ಒಂದು, ಭುರಿಗೆ ಒಂದು, ಜೊತೆಗೊಂದು ಕೀಟದ್ದು, ಅಂಟಿಕೊಳ್ಳಲು ಸ್ಟಿಕ್ಕರು. ಅಂಗಡಿಯವರೇ ಹಾಗೆ ಬರೆದುಕೊಡುತ್ತಾರೆ. ಡೆನ್ಮಾರ್ಕಿನ ಅದೇ ಸಂಶೋಧಕರ ಬಳಗ 2012ರಲ್ಲಿ ಐದು ಶಿಲೀಂಧ್ರನಾಶಕಗಳನ್ನು ಬೆರೆಸಿ ನೋಡಿತು. ಮ್ಯಾಂಕೋಜೆಬ್, ಟೆಬುಕೊನಜೋಲ್, ಎಪಾಕ್ಸಿಕೊನಜೋಲ್, ಪ್ರೊಕ್ಲೊರಾಜ್, ಪ್ರೊಸಿಮಿಡೋನ್. ಒಂದೊಂದಾಗಿ ಕೊಟ್ಟಾಗ ಗಂಡು ಮರಿಗಳಲ್ಲಿ ಏನೂ ಮಾಡದ ಅಥವಾ ಕಡಿಮೆ ಹಾನಿ ಮಾಡುವ ಪ್ರಮಾಣದಲ್ಲಿಯೇ, ಒಟ್ಟಿಗೆ ಕೊಟ್ಟಾಗ ತೊಟ್ಟುಗಳು ಉಳಿದವು, ಜನನಾಂಗದಲ್ಲಿ ದೋಷ ಬಂತು. ಇದೇ ಮಿಶ್ರಣವನ್ನು ಜಾಸ್ತಿ ಡೋಸಿನಲ್ಲಿ ಕೊಟ್ಟಿದ್ದಾಗ ತಾಯಿ ಇಲಿಗಳ ಹೆರಿಗೆಯೇ ಕಷ್ಟವಾಗಿತ್ತು. ಆಯುಕ್ತರೇ, ಈ ಇಡೀ ಪತ್ರದಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಮ್ಮ ಡ್ರಮ್ಮಿಗೆ ಎಲ್ಲಕ್ಕಿಂತ ಹತ್ತಿರದ ಪ್ರಯೋಗ ಇದೇ.

ಕಾನೂನಿನ ಕಡೆಗೆ ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. 2018ರಲ್ಲಿ ಕೇಂದ್ರ ಸರಕಾರ ನಿಷೇಧಿಸಿದ 18 ಔಷಧಗಳಲ್ಲಿ ಬೆನೊಮಿಲ್ ಇತ್ತು, ಫೆನಾರಿಮೋಲ್ ಇತ್ತು. ಫೆನಾರಿಮೋಲ್ ಕೂಡ ಇಲಿಗಳಲ್ಲಿ ಅರೋಮಟೇಸನ್ನು ತಡೆದು ಹೆರಿಗೆಗೆ ತೊಂದರೆ ಕೊಡುವಂಥದ್ದೇ. ಸಂತೋಷ. ಆದರೆ ಬೆನೊಮಿಲ್ ಗಿಡದ ಮೇಲೂ ದೇಹದೊಳಗೂ ಒಡೆದು ಏನಾಗುತ್ತದೆ? ಕಾರ್ಬೆಂಡಾಜಿಮ್. ಅಪ್ಪನನ್ನು ಊರು ಬಿಡಿಸಿ ಮಗನನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿದ ಹಾಗಾಯಿತು. ಕಾರ್ಬೆಂಡಾಜಿಮ್ ಇಲಿಗಳ ವೃಷಣವನ್ನೂ ಭ್ರೂಣವನ್ನೂ ಕೆಡಿಸುತ್ತದೆ ಎಂಬುದು ಹಳೆಯ ವಿಷಯ. ಸಂತಾನಶಕ್ತಿಗೂ ಹುಟ್ಟಲಿರುವ ಮಗುವಿಗೂ ಹಾನಿ ಮಾಡಬಹುದಾದದ್ದು ಎಂದು ಯುರೋಪು ಅದನ್ನು ವರ್ಗೀಕರಿಸಿದೆ. 2020ರ ಮೇ ತಿಂಗಳಲ್ಲಿ ಕೇಂದ್ರ ಹೊರಡಿಸಿದ 27 ಔಷಧಗಳ ಕರಡು ನಿಷೇಧ ಪಟ್ಟಿಯಲ್ಲಿ ಕಾರ್ಬೆಂಡಾಜಿಮ್, ಮ್ಯಾಂಕೋಜೆಬ್, ಥೈರಾಮ್, ಜೈನೆಬ್ ಎಲ್ಲ ಇದ್ದವು. 2023ರಲ್ಲಿ ಅಂತಿಮ ಆದೇಶ ಬಂದಾಗ ಡೈನೋಕ್ಯಾಪ್‌ನಂಥ ಕೆಲವು ಹೋದವು, ಕಾರ್ಬೆಂಡಾಜಿಮ್ ಮತ್ತು ಮ್ಯಾಂಕೋಜೆಬ್ ಉಳಿದುಕೊಂಡವು.

ಪೂರ್ತಿ ನಿಷೇಧ ನಿಮ್ಮ ಕೈಯಲ್ಲಿಲ್ಲ, ಗೊತ್ತು. 1968ರ ಕೀಟನಾಶಕ ಕಾಯ್ದೆಯಲ್ಲಿ ರಾಜ್ಯಕ್ಕೆ ತಾತ್ಕಾಲಿಕ ತಡೆಯಷ್ಟೇ ಸಾಧ್ಯ. 2017ರಲ್ಲಿ ಯವತ್ಮಾಳ್‌ನಲ್ಲಿ ಹತ್ತಿ ಹೊಲಕ್ಕೆ ಔಷಧ ಹೊಡೆಯಲು ಹೋದ 20ಕ್ಕೂ ಹೆಚ್ಚು ಜನ ಸತ್ತಾಗ ಮಹಾರಾಷ್ಟ್ರ 60 ದಿನದ ತಡೆ ತಂದಿತ್ತು. ಅಲ್ಲಿ ಹೆಣ ಬಿದ್ದವು, ಹಾಗಾಗಿ ಎಲ್ಲರಿಗೂ ಕಂಡಿತು. ಹಾರ್ಮೋನಿನ ಹಾನಿಗೆ ಹೆಣ ಬೀಳುವುದಿಲ್ಲ. ಒಂದು ಬಸಿರು ನಿಲ್ಲಲಿಲ್ಲ, ಒಂದು ಮಗುವಿಗೆ ಆಪರೇಷನ್ ಬೇಕಾಯಿತು ಎಂದರೆ "ಹಣೆಬರಹ" ಎಂದು ಮನೆಯವರೇ ಸುಮ್ಮನಾಗುತ್ತಾರೆ.

ಹೊಸ ಔಷಧ ಕಂಡುಹಿಡಿಯಿರಿ ಎಂದೂ ಕೇಳುತ್ತಿಲ್ಲ. ಹೊಡೆಯಲೇಬೇಡಿ ಎಂದೂ ಹೇಳುತ್ತಿಲ್ಲ. ಹೂ ಬಿಡುವ ಹೊತ್ತಿಗೆ ಮಳೆ, ಮಂಜು ಬಂದು ಡೌನಿ ಹತ್ತಿದರೆ ಒಂದೆರಡು ರಾತ್ರಿಯಲ್ಲಿ ವರ್ಷದ ಬೆಳೆ ಹೋಗುತ್ತದೆ. ಸಾಲ ಮಾಡಿದ ರೈತ ಏನು ಮಾಡಬೇಕು? ನನ್ನ ತವರಿನ ಕಡೆ ತಿಕೋಟಾದಲ್ಲೂ ದ್ರಾಕ್ಷಿ ಬೆಳೆಯುವ ನೆಂಟರಿದ್ದಾರೆ, ಆ ಸಂಕಟ ಗೊತ್ತು.

ಹೊಡೆದ ಮೇಲೆ ಒಳಗೆ ಯಾವಾಗ ಇಳಿಯಬೇಕು ಎನ್ನುವುದು ಮಾತ್ರ ನನ್ನ ಪ್ರಶ್ನೆ. ಅಮೆರಿಕದಲ್ಲಿ ಮ್ಯಾಂಕೋಜೆಬ್ ಹೊಡೆದ ಮೇಲೆ 24 ಗಂಟೆ ಕೂಲಿಯವರು ತೋಟದೊಳಗೆ ಹೋಗುವಂತಿಲ್ಲ, ಲೇಬಲ್ಲಿನ ಮೇಲೇ ಇರುತ್ತದೆ. ನಮ್ಮ ರಫ್ತು ರೈತರನ್ನು ಕೇಳಿ. ಯಾವ ಔಷಧ ಹೊಡೆದು ಎಷ್ಟು ದಿನಕ್ಕೆ ಕೊಯ್ಯಬೇಕು ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಮಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಪಟ್ಟಿ ಅವರ ಫೋನಿನಲ್ಲೇ ಇರುತ್ತದೆ. ಯುರೋಪಿಗೆ ಹೋಗುವ ಪೆಟ್ಟಿಗೆಯ ಹಣ್ಣು ಲ್ಯಾಬಿನಲ್ಲಿ ಪಾಸಾಗಬೇಕು. 2010ರಲ್ಲಿ ಒಂದು ಬೆಳವಣಿಗೆ ನಿಯಂತ್ರಕದ ಉಳಿಕೆ ಸಿಕ್ಕಿ ಹಣ್ಣು ತಿರಸ್ಕಾರವಾದ ನೆನಪು ಇನ್ನೂ ಹಸಿಯಾಗಿದೆ. ತಿನ್ನುವವರಿಗೆ ಎಷ್ಟು ದಿನ ಬಿಡಬೇಕು ಎಂದು ಕಲಿತ ರೈತ, ಎಲೆ ಕೀಳುವವರಿಗೆ ಎಷ್ಟು ಗಂಟೆ ಬಿಡಬೇಕು ಎಂದು ಕಲಿಯಲಾರನೇ? ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಆದ್ದರಿಂದ ಎಣ್ಣಿ ಹೊಡೆದ ಸಾಲಿನ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಲಿ, ಹೊಡೆದ ಹೊತ್ತನ್ನು ಹಲಗೆಯ ಮೇಲೆ ಬರೆಯಲಿ. ಓದು ಬಾರದವರಿಗೂ ಬಟ್ಟೆ ಕಾಣುತ್ತದೆ. ಆ ದಿನ ಅವರಿಗೆ ಬೇರೆ ತುಂಡಿನಲ್ಲಿ ಕೆಲಸ ಕೊಡಲಿ, ಇಲ್ಲದಿದ್ದರೆ ಕೂತವರಿಗೂ ಕೂಲಿ ಕೊಡಲಿ. ಪಗಾರ ಕಡಿದರೆ ಈ ಸೂಚನೆ ಒಂದು ವಾರವೂ ಬಾಳುವುದಿಲ್ಲ, ಹೆಂಗಸರೇ ಬಟ್ಟೆ ಬಿಚ್ಚಿ ಒಳಗೆ ಇಳಿಯುತ್ತಾರೆ. ಸ್ಪ್ರೇ ಮಾಡಿದ ಗಂಡಸರ ಬಟ್ಟೆಯನ್ನು ಮನೆಯಲ್ಲಿ ತೊಳೆಯುವವರೂ ಇದೇ ಹೆಂಗಸರು. ಆ ಬಟ್ಟೆ ತೋಟದಲ್ಲೇ ಉಳಿಯುವಂತೆ, ಮಾಲೀಕರೇ ತೊಳೆಸುವಂತೆ ಆಗಬೇಕು. ನಿಮ್ಮ ಇಲಾಖೆಯಿಂದ ರೈತರಿಗೆ ಹೋಗುವ ಮೆಸೇಜುಗಳ ಜೊತೆ ಮುಕಾದಮರಿಗೂ ಒಂದು ಧ್ವನಿ ಸಂದೇಶ ಹೋಗಲಿ. ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ. ಕನ್ನಡದ್ದಕ್ಕೆ ದನಿ ಬೇಕಿದ್ದರೆ ನಾನೇ ಕೊಡುತ್ತೇನೆ, ಪುಣೆಯಲ್ಲಿ ಕನ್ನಡ ಓದಬಲ್ಲವರಿಗೆ ಬರವಿಲ್ಲ.

ಇನ್ನೊಂದು. ಕೋಸ್ಟರಿಕಾ ದೇಶದಲ್ಲಿ ಬಾಳೆ ತೋಟಗಳಿಗೆ ವಿಮಾನದಿಂದ ಮ್ಯಾಂಕೋಜೆಬ್ ಸುರಿಯುತ್ತಾರೆ. ಅಲ್ಲಿನ ಸಂಶೋಧಕರು ಸುತ್ತಲಿನ ಬಸುರಿಯರ ಮೂತ್ರ ತಪಾಸಣೆ ಮಾಡಿದರು. ಬೇರೆ ದೇಶಗಳ ಸಾಮಾನ್ಯ ಜನರಲ್ಲಿ ಕಂಡದ್ದಕ್ಕಿಂತ ಹಲವು ಪಟ್ಟು ಇಟಿಯು ಸಿಕ್ಕಿತು. ತೋಟಕ್ಕೆ ಮನೆ ಹತ್ತಿರವಾದಷ್ಟೂ ಜಾಸ್ತಿ. ಈ ಒಂದು ಹಂಗಾಮಿನಲ್ಲಿ ಜುನ್ನರ್ ತಾಲೂಕಿನ ಕೆಲವು ತೋಟಗಳ ಹೆಣ್ಣುಮಕ್ಕಳ ಮೂತ್ರವನ್ನು, ಅವರ ಒಪ್ಪಿಗೆ ಪಡೆದು, ಹೆಸರು ಹೊರಗೆ ಬಾರದಂತೆ ಪರೀಕ್ಷೆ ಮಾಡಿಸಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯನ್ನು ಕೇಳಬಹುದು. ಕಡಿಮೆ ಬಂದರೆ ನನ್ನ ಅಂಜಿಕೆ ಹೆಚ್ಚಾಯಿತು ಎಂದುಕೊಳ್ಳುತ್ತೇನೆ, ನಿಮಗೆ ಧನ್ಯವಾದ ಹೇಳಿ ಸುಮ್ಮನಿರುತ್ತೇನೆ. ಜಾಸ್ತಿ ಬಂದರೆ ಮುಂದಿನ ಚಾಟಣಿಯವರೆಗೆ ಕಾಯುವಂತಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಎರಡೇ ಮಾತು. ಎಲೆ ಹಸಿ ಇದ್ದಾಗ ಇಳಿಯಬೇಡ್ರಿ. ರೊಟ್ಟಿ ಮುಟ್ಟುವ ಮೊದಲು, ಮಗುವಿಗೆ ಹಾಲು ಕುಡಿಸುವ ಮೊದಲು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೀರಿ. ಮುಟ್ಟು ತಪ್ಪಿದೆ ಅನಿಸಿದ ದಿನದಿಂದಲೇ ಎಣ್ಣಿಯ ಡ್ರಮ್ಮಿನ ಕಡೆ ಹೋಗಬೇಡ್ರಿ. ಯಾಕೆಂದು ಯಾರಿಗೂ ಹೇಳಬೇಕಾಗಿಲ್ಲ, "ಮೈ ತುರಸ್ತದ" ಅಂದ್ರೂ ಸಾಕು. ಎರಡು ಅಂದು ಮೂರು ಹೇಳಿದೆ, ಇರಲಿ.

ಆಯುಕ್ತರೇ, ಮರಾಠಿ ಪ್ರತಿಯ ಜೊತೆ ನನ್ನ ಫೋನ್ ನಂಬರ್ ಇದೆ. ಜುನ್ನರ್ ಕಡೆಯ ಮುಕಾದಮರಲ್ಲಿ ಕೆಲವರು ಮಾತಿಗೆ ಬರಲು ಒಪ್ಪಿದ್ದಾರೆ. ಚಾಟಣಿಗೆ ಮೊದಲು ನಿಮ್ಮ ತಾಲೂಕು ಅಧಿಕಾರಿಗಳು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡರೆ, ನಾರಾಯಣಗಾಂವ್ ಸಂತೆಯ ದಿನವೇ ಅವರನ್ನೆಲ್ಲ ಸೇರಿಸಬಹುದು. ಅಂದು ಹೇಗೂ ಎಲ್ಲರೂ ಬಂದಿರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್
ಹಡಪ್ಸರ್, ಪುಣೆ